ಎಡಗೈ ಸುತ್ತಿದ ಸುರುಳಿಗಳು

ಕೇಳುವವರು ಕಾಲು ಚಾಚಿ ನೆಮ್ಮದಿಯಾಗಿ ಕೂರಬಹುದು. ಈ ಕಥೆಯಲ್ಲಿ ಸಮುದ್ರವಿದೆ, ಬಂಡೆಯಿದೆ, ಮಂಜಿದೆ, ಆದರೆ ಯಾರೂ ಮುಳುಗುವುದಿಲ್ಲ. ಮುಳುಗಿದ್ದರೆ ಇದನ್ನು ಇಷ್ಟು ಹಗುರವಾಗಿ ಹೇಳಲು ಬಾಯಿ ಬರುತ್ತಿರಲಿಲ್ಲ. ಒಬ್ಬ ಹೆಂಗಸು ಒಂದು ಮಧ್ಯಾಹ್ನ ಪೂರ್ತಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು, ಅಷ್ಟೇ. ಅಷ್ಟೇ ಎಂದು ನಾವು ಹೇಳಬಹುದು, ಅವಳು ಹೇಳುವುದಿಲ್ಲ.

ಅವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಎಡಚಕ್ಕ ಎಂದು ಕರೆಯುತ್ತಿದ್ದರು. ಕಾರ್ಖಾನೆಯೆಂದರೆ ದೊಡ್ಡ ಚಿಮಣಿಯನ್ನೆಲ್ಲ ಕಲ್ಪಿಸಿಕೊಳ್ಳುವುದು ಬೇಡ. ಬಂದರಿನ ಹಿಂದಿನ ಬೀದಿಯಲ್ಲಿ, ಬಲೆ ಹೊಲಿಯುವ ಅಂಗಡಿಗೂ ಬಣ್ಣದ ಡಬ್ಬಿಗಳ ಉಗ್ರಾಣಕ್ಕೂ ನಡುವೆ, ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಕಿಟಕಿಯ ಪಕ್ಕ ಸಾಲಾಗಿ ಮೇಜುಗಳು, ಮೇಜಿನ ಮೇಲೆ ತಾಮ್ರದ ತಂತಿಯ ಉಂಡೆಗಳು, ಮೂಗಿಗೆ ಸದಾ ವಾರ್ನಿಷ್ ವಾಸನೆ. ಅಲ್ಲಿ ತಯಾರಾಗುತ್ತಿದ್ದದ್ದು ತೇಲುದೀಪಗಳು. ಆಳೆತ್ತರದ ಕಬ್ಬಿಣದ ಪೀಪಾಯಿ, ನೆತ್ತಿಯ ಮೇಲೊಂದು ದೀಪ, ಅಡಿಯಲ್ಲಿ ಸರಪಳಿ. ಸಮುದ್ರದಲ್ಲಿ ಬಂಡೆಯಿರುವ ಕಡೆ ಅದನ್ನು ಕಟ್ಟಿ ಬಿಟ್ಟರೆ, ಇತ್ತ ಬರಬೇಡಿ ಎಂದು ದೋಣಿಗಳಿಗೆ ಕಣ್ಣು ಮಿಟುಕಿಸುತ್ತ ನಿಲ್ಲುತ್ತದೆ.

ಆ ದೀಪಕ್ಕೆ ಎಣ್ಣೆಯಿಲ್ಲ, ಬ್ಯಾಟರಿಯಿಲ್ಲ. ಅದನ್ನು ಉರಿಸುವುದು ಅಲೆ. ಪೀಪಾಯಿಯ ಹೊಟ್ಟೆಯೊಳಗೆ ಗಟ್ಟಿ ಅಯಸ್ಕಾಂತಗಳನ್ನು ಕೂರಿಸಿರುತ್ತಾರೆ. ಅವುಗಳ ನಡುವೆ ಸ್ಪ್ರಿಂಗಿನಿಂದ ಒಂದು ಚೌಕಟ್ಟು ನೇತಾಡುತ್ತದೆ, ಚೌಕಟ್ಟಿನಲ್ಲಿ ತಂತಿಯ ನಾಲ್ಕು ಸುರುಳಿಗಳು. ಅಲೆ ಎತ್ತಿದಾಗ, ಇಳಿಸಿದಾಗ, ಸುರುಳಿಗಳು ಅಯಸ್ಕಾಂತಗಳ ಎದುರು ಮೇಲೆ ಕೆಳಗೆ ಓಡಾಡುತ್ತವೆ. ಹಾಗೆ ಓಡಾಡಿದ ತಂತಿಯಲ್ಲಿ ವಿದ್ಯುತ್ತು ತಾನಾಗಿ ಹುಟ್ಟುತ್ತದೆ. ಎಡಚಕ್ಕ ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಇದನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

"ತಂತಿ ಸುಮ್ನೆ ಕೂತಿದ್ರೆ ಅಯಸ್ಕಾಂತ ಎಷ್ಟು ದೊಡ್ಡದಿದ್ರೂ ಏನೂ ಹುಟ್ಟಲ್ಲ ಕಣಮ್ಮ. ಅದರ ಎದುರಿಗೆ ಓಡಾಡ್ತಿರಬೇಕು."

"ನಮ್ಮಮ್ಮನ ಎದುರಿಗೆ ನಾನು ಓಡಾಡೋ ಹಾಗೆ" ಎಂದಿದ್ದಳು ಅವಳು. ಮೇಸ್ತ್ರಿ ನಕ್ಕಿದ್ದರು. ಅವರು ಸುಲಭಕ್ಕೆ ನಗುವ ಮನುಷ್ಯರಲ್ಲ.

ಎಡಗೈ ಅವಳಿಗೆ ಹುಟ್ಟಿನಿಂದ ಬಂದ ತಲೆನೋವು. ಶಾಲೆಯಲ್ಲಿ ಟೀಚರು ಆ ಕೈಗೆ ಕರವಸ್ತ್ರ ಕಟ್ಟಿ ಬೆಂಚಿಗೆ ಬಿಗಿದಿದ್ದರು. ಮನೆಯಲ್ಲಿ ಅಮ್ಮ ಚಮಚ ಕಿತ್ತು ಬಲಗೈಗೆ ತುರುಕುತ್ತಿದ್ದಳು. ಯಾರ ಆಟವೂ ನಡೆಯಲಿಲ್ಲ. ಬಲಗೈ ನೆಪಕ್ಕೆ ಮಾತ್ರ ಉಳಿಯಿತು, ಎಡಗೈ ಎಲ್ಲವನ್ನೂ ಕಲಿತುಕೊಂಡಿತು. ಆದರೆ ಬಯ್ಗುಳ ತಿಂದ ಕೈಗೆ ಬಯ್ಗುಳದ ನೆನಪಿರುತ್ತದೆ. ಹೊಸ ಜಾಗಕ್ಕೆ ಹೋದರೆ ಅವಳು ಮೊದಲು ಆ ಕೈಯನ್ನು ಸೆರಗಿನ ಮರೆಗೆ ಎಳೆದುಕೊಳ್ಳುತ್ತಿದ್ದಳು.

ಸುರುಳಿ ಸುತ್ತುವ ಯಂತ್ರಕ್ಕೆ ಹಿಡಿ ಇರುವುದು ಬಲಗಡೆ. ಬಲಗೈಯಲ್ಲಿ ತಿರುಗಿಸಬೇಕು, ಎಡಗೈಯಲ್ಲಿ ತಂತಿಯನ್ನು ಎಳೆ ಪಕ್ಕ ಎಳೆ ಬರುವಂತೆ ಸವರುತ್ತ ಹೋಗಬೇಕು. ಮೊದಲ ದಿನ ಅವಳು ಸುತ್ತಿದ್ದು ಸುರುಳಿಯಂತಿರಲಿಲ್ಲ, ಹಕ್ಕಿಗೂಡಿನಂತಿತ್ತು. ಎರಡನೇ ದಿನ ಯಾರೂ ನೋಡದಾಗ ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿಟ್ಟುಕೊಂಡು ಎಡಗೈಯಲ್ಲಿ ಸುತ್ತಿದಳು. ಬೆಣ್ಣೆಯ ಮೇಲೆ ಬೆರಳು ಸವರಿದಷ್ಟು ನಯವಾದ ಸುರುಳಿ ಬಂತು. ಅದನ್ನು ಮೀಟರಿಗೆ ಸಿಕ್ಕಿಸಿ ಅಯಸ್ಕಾಂತದ ಮುಂದೆ ಸರಕ್ಕನೆ ಸರಿಸಿದರೆ, ಎಲ್ಲರದ್ದೂ ಬಲಕ್ಕೆ ಜಿಗಿಯುವ ಮುಳ್ಳು ಅವಳದ್ದಕ್ಕೆ ಎಡಕ್ಕೆ ಜಿಗಿಯಿತು. ಸುತ್ತಿದ ದಿಕ್ಕು ಉಲ್ಟಾ, ಹರಿಯುವ ದಿಕ್ಕೂ ಉಲ್ಟಾ. ಅಕ್ಕಪಕ್ಕದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮೇಸ್ತ್ರಿ ಮಾತ್ರ ಸುರುಳಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟು ಚೆಂದ ಸುತ್ತೋ ಕೈನ ಬಿಡೋಕಾಗತ್ತಾ" ಎಂದರು. "ಹಿಂಗೇ ಸುತ್ತು. ಆದ್ರೆ ನೆನಪಿರಲಿ, ನಾಲ್ಕು ಸುರುಳೀನೂ ಒಂದೇ ದಿಕ್ಕಿಗೆ ತಳ್ಳಬೇಕು. ಒಂದು ಈ ಕಡೆ, ಇನ್ನೊಂದು ಆ ಕಡೆ ತಳ್ಳಿದ್ರೆ ಒಂದನ್ನೊಂದು ಹೊಡೆದು ಹಾಕ್ತವೆ, ದೀಪ ಉರಿಯಲ್ಲ. ನಿಂದಕ್ಕೆ ಒಂದು ಗುರುತು ಹಾಕು. ಕೂಡಿಸುವವನು ಗುರುತು ನೋಡಿ ತುದಿಗಳನ್ನ ಅದಲು ಬದಲು ಮಾಡ್ತಾನೆ. ಆಗ ಎಲ್ಲಾ ಸರಿಹೋಗತ್ತೆ."

ಗುರುತೆಂದರೆ ಹಳದಿ ಕೊಳವೆ. ಬೆರಳಿನ ಗೆಣ್ಣುದ್ದದ ಪ್ಲಾಸ್ಟಿಕ್ ಕೊಳವೆಯ ತುಂಡನ್ನು ಸುರುಳಿಯ ಒಂದು ತುದಿಗೆ ತೂರಿಸಿದರೆ ಆಯಿತು. ಅಂದಿನಿಂದ ಅವಳು ಸುತ್ತುವುದು, ಮೀಟರಿಗೆ ತೋರಿಸುವುದು, ಹಳದಿ ತೂರಿಸುವುದು, ಡಬ್ಬಕ್ಕೆ ಹಾಕುವುದು. ವರ್ಷಗಳು ಉರುಳಿದವು. ಅವಳಿಗೆ ಮದುವೆಯಾಯಿತು, ಅವಳ ಸುರುಳಿಗಳೇ ಕಾರ್ಖಾನೆಯಲ್ಲಿ ಅತಿ ಅಚ್ಚುಕಟ್ಟು ಎಂಬ ಹೆಸರೂ ಬಂತು. ಆದರೂ ಹಳದಿ ತೂರಿಸುವಾಗೆಲ್ಲ ಒಳಗೊಳಗೇ ಸಣ್ಣಗೆ ಚುಚ್ಚುತ್ತಿತ್ತು. ಬೇರೆಯವರ ಸುರುಳಿ ಹಾಗೇ ನಡೆಯುತ್ತದೆ, ನನ್ನದನ್ನು ಯಾರೋ ತಿದ್ದಿ ಸಾಲಿಗೆ ಸೇರಿಸಬೇಕು ಎಂದು.

ಹಾಗೆ ತಿದ್ದಬೇಕಾದ ಮನುಷ್ಯನ ಹೆಸರು ನಿಧಾನಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯಿತ್ತು, ಅದು ಅವನಿಗೂ ಮರೆತುಹೋಗಿತ್ತೇನೋ. ಕೋಣೆಯ ಕೊನೆಯಲ್ಲಿ ಒಬ್ಬನೇ ಕೂತು ಸುರುಳಿಗಳನ್ನು ಚೌಕಟ್ಟಿಗೆ ಕೂಡಿಸುತ್ತಿದ್ದ. ಒಂದು ಮೊಳೆ ಹೊಡೆಯಲು ಎದ್ದರೆ ಇನ್ನೂ ನಾಲ್ಕು ಮೊಳೆ ಸೇರಲಿ ಎಂದು ಮತ್ತೆ ಕೂರುವ ಜಾತಿ. ಎರಡು ಸಲ ಮಾಡುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸುವ ದಾರಿ ಹುಡುಕುವುದರಲ್ಲಿ ಮಾತ್ರ ಅವನಿಗೆ ಎಲ್ಲಿಲ್ಲದ ಚುರುಕು.

ಆ ವರ್ಷ ಬಿರುಗಾಳಿ ಬಂದು ಬಂದರಿನ ಬಾಯಲ್ಲಿದ್ದ ತೇಲುದೀಪದ ಸರಪಳಿ ಹರಿಯಿತು. ದೀಪ ಎಲ್ಲಿ ಹೋಯಿತೋ ಪತ್ತೆಯಿಲ್ಲ. ಅದು ಕಾಯುತ್ತಿದ್ದದ್ದು ಕಳ್ಳಬಂಡೆಯನ್ನು. ನೀರು ಇಳಿದಾಗ ಸಾಧುವಿನ ಹಾಗೆ ಮೈತೋರಿಸಿ ಕೂರುತ್ತದೆ, ನೀರು ಏರಿದಾಗ ಅಡಗುತ್ತದೆ, ಆಗಲೇ ಅದರ ಕಸುಬು. ಹೊಸ ದೀಪ ಬರುವ ತನಕ ದೋಣಿಗಳು ಕತ್ತಲಾಗುವ ಮೊದಲೇ ಮರಳಬೇಕಾಯಿತು, ಮೀನೂ ಕಡಿಮೆ, ಗೊಣಗಾಟ ಜಾಸ್ತಿ. ಬಂದರಿನವರು ದಿನಾ ಬಂದು ಮೇಸ್ತ್ರಿಯ ತಲೆ ತಿನ್ನುತ್ತಿದ್ದರು.

ಸರಿಯಾಗಿ ಆ ಹೊತ್ತಿಗೇ ಎಡಚಕ್ಕನ ಎಡಗೈ ಮೇಲೆ ಮನೆಯಲ್ಲಿ ಕುದಿಯುವ ನೀರು ಚೆಲ್ಲಿತು. ಬೆರಳ ತುದಿಯಿಂದ ಮಣಿಕಟ್ಟಿನ ತನಕ ಪಟ್ಟಿ ಕಟ್ಟಿಸಿಕೊಂಡು ಬಂದಳು. ರಜೆ ತಗೋ ಎಂದರೆ ಕೇಳಲಿಲ್ಲ. ಪಕ್ಕದ ಮೇಜಿನ ಯಂತ್ರಕ್ಕೆ ಕೂತು, ಪಟ್ಟಿ ಕಟ್ಟಿದ ಕೈಯಲ್ಲಿ ತಂತಿಯನ್ನು ಹೇಗೋ ಒತ್ತಿ ಹಿಡಿದು, ಆ ಹಕ್ಕಿಗೂಡಿನ ದಿನ ಬಿಟ್ಟರೆ ಮೊದಲ ಸಲ ಬಲಗೈಯಲ್ಲಿ ಸುತ್ತಿದಳು. ಹುಳು ತೆವಳಿದ ಹಾಗೆ ಕೆಲಸ ಸಾಗಿತು. ಆದರೂ ಸುರುಳಿ ಪರವಾಗಿಲ್ಲ ಎನ್ನುವಂತೆ ಬಂತು. ಮೀಟರಿಗೆ ತೋರಿಸಿದಾಗ ಮುಳ್ಳು ಬಲಕ್ಕೆ ಜಿಗಿಯಿತು, ಎಲ್ಲರದ್ದರ ಹಾಗೆ. ಅವಳಿಗೆ ಒಳಗೊಳಗೇ ಎಂಥ ಹಿಗ್ಗು! ಹಿಗ್ಗಿನಲ್ಲಿ ಕೈ ತನ್ನ ಪಾಡಿಗೆ ತಾನು ಹಳದಿ ತೂರಿಸಿ ಡಬ್ಬಕ್ಕೆ ಹಾಕಿತು. ಹೀಗೇ ಒಂದಾದ ಮೇಲೊಂದು, ಪಟ್ಟಿ ಬಿಚ್ಚುವ ತನಕ.

ಪಟ್ಟಿ ಬಿಚ್ಚಿಸಿಕೊಂಡ ದಿನ ಮಧ್ಯಾಹ್ನ ತನ್ನ ಹಳೆಯ ಯಂತ್ರದ ಮುಂದೆ ಕೂತಳು. ಎಡಗೈ ತವರಿಗೆ ಬಂದ ಮಗಳ ಹಾಗೆ ಸಲೀಸಾಗಿ ಓಡಾಡಿತು. ಮೊದಲ ಸುರುಳಿ ಮುಗಿಯಿತು, ಮುಳ್ಳು ಎಡಕ್ಕೆ ಹಾರಿತು, ಬೆರಳುಗಳು ಹಳದಿ ಕೊಳವೆ ಎತ್ತಿಕೊಂಡವು. ಕೊಳವೆ ಅರ್ಧ ತೂರಿದ್ದಾಗ ಅವಳ ಕೈ ನಿಂತಿತು.

ಇದು ಎಡಗೈಯದು, ಇದಕ್ಕೆ ಹಳದಿ ಸರಿ. ಹಾಗಾದರೆ ಇಷ್ಟು ದಿನ ಬಲಗೈಯಲ್ಲಿ ಸುತ್ತಿದ್ದಕ್ಕೆ ಯಾಕೆ ತೂರಿಸಿದೆ?

 ನೆಟ್ಟಗಿದ್ದ ಸುರುಳಿಗಳ ಮೇಲೆ ಉಲ್ಟಾ ಎಂದು ತಾನೇ ಗುರುತು ಹಾಕಿಕೊಟ್ಟಿದ್ದಾಳೆ. ನಿಧಾನಪ್ಪ ಗುರುತು ನೋಡಿ ತುದಿಗಳನ್ನು ಅದಲು ಬದಲು ಮಾಡಿರುತ್ತಾನೆ. ಈಗ ಅವು ನಿಜವಾಗಿಯೂ ಉಲ್ಟಾ. ಒಂದು ದೀಪದಲ್ಲಿ ಅವಳವು ಎರಡು, ಬೇರೆಯವರವು ಎರಡು ಸೇರಿದ್ದರೆ ಮುಗಿಯಿತು. ಸಮುದ್ರ ಎಷ್ಟೇ ಕುಣಿದರೂ ಅಲ್ಲಿ ಕಡ್ಡಿ ಗೀರಿದಷ್ಟೂ ಬೆಳಕು ಹುಟ್ಟುವುದಿಲ್ಲ.

ಎದ್ದು ಕೋಣೆಯ ಕೊನೆಗೆ ಓಡಿದಳು. ನಿಧಾನಪ್ಪನ ಸ್ಟೂಲು ಖಾಲಿ. ಡಬ್ಬವೂ ಖಾಲಿ.

"ಅವನು ಬೆಳಿಗ್ಗೇನೇ ಲಾಂಚಿನಲ್ಲಿ ಹೋದ" ಎಂದರು ಮೇಸ್ತ್ರಿ. "ಕಳ್ಳಬಂಡೆಗೆ ಹೊಸ ದೀಪ ಕಟ್ಟೋಕೆ. ಯಾಕೆ, ಏನಾಯ್ತು?"

ಅವಳು ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಕೇಳುತ್ತ ಕೇಳುತ್ತ ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ತಯಾರಾದ ದೀಪವನ್ನು ಅಲುಗಾಡುವ ಬೆಂಚಿನ ಮೇಲೆ ಕೂರಿಸಿ, ಉರಿಯುತ್ತದೋ ಇಲ್ಲವೋ ನೋಡಿಯೇ ಕಳಿಸುವುದು ಪದ್ಧತಿ. ಆದರೆ ಬೆಂಚಿನ ಬೆಲ್ಟು ಹರಿದು ಕೂತಿತ್ತು, ಬಂದರಿನವರು ಕುತ್ತಿಗೆ ಮೇಲೆ ಕೂತಿದ್ದರು. ಒಂದೊಂದು ಸುರುಳಿಯನ್ನೂ ಬಿಡಿಬಿಡಿಯಾಗಿ ಮೀಟರಿಗೆ ತೋರಿಸಿದ್ದಾಗಿದೆಯಲ್ಲ ಎಂದು ಅವರೇ ಕಳಿಸಿಬಿಟ್ಟಿದ್ದರು. ಬಿಡಿಬಿಡಿಯಾಗಿ ನೋಡಿದರೆ ಯಾವ ಸುರುಳಿಯೂ ಕೆಟ್ಟದ್ದಲ್ಲ. ಜಗಳವಿರುವುದು ಕೂಡಿ ಇರಬೇಕಾದಾಗ.

"ನಿಧಾನಪ್ಪ ಕೈಯಲ್ಲಾದ್ರೂ ಅಲುಗಿಸಿ ನೋಡಿರ್ತಾನಲ್ವಾ?" ಎಂದು ಕೇಳಿದಳು.

ಮೇಸ್ತ್ರಿ ಗೂಟದಲ್ಲಿದ್ದ ಅಂಗಿಗೆ ಕೈ ಚಾಚಿದರು. ನಿಧಾನಪ್ಪನನ್ನು ಬಲ್ಲವರು ಯಾರೂ ಹೌದೆನ್ನುತ್ತಿರಲಿಲ್ಲ. ಅಂಗಿ ಸಿಕ್ಕಿಸಿಕೊಂಡು ಬಂದರಿನ ಕಚೇರಿಗೆ ಹೊರಟರು. ಎಡಚಕ್ಕ ಹಿಂದೆಯೇ ಹೋದಳು. ಕಿಸೆಯಲ್ಲಿ ಫೋನ್ ಇಟ್ಟುಕೊಂಡು ತಿರುಗುವ ಕಾಲ ಅದಲ್ಲ. ಕಚೇರಿಯವನು ಕೈ ಚೆಲ್ಲಿದ. ಲಾಂಚು ದೀಪ ಕಟ್ಟಿ ಮುಗಿಸಿ ಆಚೆ ದಂಡೆಯ ಇನ್ನೊಂದು ದೀಪ ನೋಡಲು ಹೋಗಿದೆ, ಸಂಜೆಗೆ ಬರುತ್ತದೆ. ಇನ್ನೊಂದು ದೋಣಿ ಕಳಿಸೋಣವೆಂದರೆ ಒಂದೂ ಇಲ್ಲ. ಇವತ್ತಿನಿಂದ ಕಳ್ಳಬಂಡೆಯಲ್ಲಿ ದೀಪವಿರುತ್ತದೆ, ಕತ್ತಲಾದ ಮೇಲೂ ಬರಬಹುದು ಎಂದು ನಿನ್ನೆಯೇ ಸಾರಿಯಾಗಿತ್ತು. ಎಲ್ಲ ದೋಣಿಗಳೂ ನಸುಕಿನಲ್ಲೇ ಹೊರಟುಹೋಗಿದ್ದವು. ಅದರಲ್ಲೊಂದರ ಎಂಜಿನ್ ನೋಡಿಕೊಳ್ಳುವವನು ಎಡಚಕ್ಕನ ಗಂಡ.

ಆಕಾಶ ಬೇರೆ ಆಗಲೇ ಮಂಕಾಗುತ್ತಿತ್ತು. ಸಮುದ್ರದ ಕಡೆಯಿಂದ ಮಂಜು ಮೆತ್ತಗೆ ಒಳಗೆ ಬರತೊಡಗಿತ್ತು.

ಮನೆಗೆ ಹೋಗಿ ಅತ್ತೆಗೆ ಹೇಳದೇ ಇರುವುದು ಅವಳಿಂದಾಗಲಿಲ್ಲ. ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ ಬಟಾಣಿ ಬಿಡಿಸುತ್ತ ಕೂತಿದ್ದಳು. ನಾಲಗೆ ಚುರುಕಿನ ಹೆಂಗಸು. ಸೊಸೆ ಎಡಗೈಯಲ್ಲಿ ಬಡಿಸಿದರೆ ಮೊದಮೊದಲು ಮೂಗು ಮುರಿಯುತ್ತಿದ್ದವಳು. ಇವತ್ತು ಏನೇನು ಕೇಳಬೇಕಾಗುತ್ತದೋ ಎಂದುಕೊಂಡೇ ಎಡಚಕ್ಕ ಎಲ್ಲವನ್ನೂ ಒದರಿದಳು.

"ದೀಪ ಉರಿಯದಿದ್ರೆ ನಿಮ್ಮ ಮಗನ್ನ ನಾನೇ ಬಂಡೆಗೆ ಹೊಡೆಸಿದ ಹಾಗೆ ಅತ್ತೆ."

ಅತ್ತೆಯ ಕೈಯಲ್ಲಿದ್ದ ಸಿಪ್ಪೆ ನೆಲಕ್ಕೆ ಬಿತ್ತು. ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು ಎದ್ದಳು.

"ಕೈ ಸುಟ್ಕೊಂಡ ದಿನ ರಜೆ ಹಾಕು ಅಂತ ಬಡ್ಕೊಂಡೆ. ಕೇಳಿದ್ಯಾ? ಈಗ ಗೋಳಾಡ್ತಾ ನಿಂತ್ರೆ ಏನು ಬಂತು. ಸ್ವೆಟರ್ ಹಾಕ್ಕೋ, ಚಳಿಯಿದೆ. ನಾನೂ ಬರ್ತೀನಿ."

ಬೈದದ್ದನ್ನು ತಡೆದುಕೊಂಡಳು. ಸ್ವೆಟರ್ ಎಂದಾಗ ಅವಳ ಕಣ್ಣು ತುಂಬಿ ಬಂತು.

ಇಬ್ಬರೂ ಬಂದರಿನ ಕಟ್ಟೆಯ ತುದಿಗೆ ಹೋಗಿ ನಿಂತರು. ಮೇಸ್ತ್ರಿ ಆಗಲೇ ಅಲ್ಲಿದ್ದರು. ಕಟ್ಟೆಯ ಮೇಲೊಂದು ಲಾಟೀನು ಹಚ್ಚಿಡಿಸಿದ್ದರು. ಮಂಜಿನಲ್ಲಿ ಅದು ಎಷ್ಟು ದೂರ ಕಂಡೀತು ಎಂಬುದು ಅವರಿಗೂ ಗೊತ್ತಿತ್ತು. ಕಳ್ಳಬಂಡೆಯ ದಿಕ್ಕಿನಲ್ಲಿ ಬೂದು ಬಣ್ಣ ಬಿಟ್ಟರೆ ಏನೂ ಇಲ್ಲ. ತೇಲುದೀಪ ಹಗಲಲ್ಲೂ ಉರಿಯುತ್ತದೆ, ಹಗಲಿನ ಬೆಳಕಲ್ಲಿ ಕಾಣುವುದಿಲ್ಲ ಅಷ್ಟೇ. ಆದ್ದರಿಂದ ಕಾಣದಿದ್ದರೆ ಉರಿಯುತ್ತಿಲ್ಲವೆಂದೇ ಅರ್ಥವಲ್ಲ ಎಂದು ಮೇಸ್ತ್ರಿ ಆಗಾಗ ಹೇಳುತ್ತಿದ್ದರು. ಎಡಚಕ್ಕನಿಗೆ ಸಮಾಧಾನ ಹೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ.

"ನಿಮ್ಮ ಬಾಯಿಗೆ ಸ್ವಲ್ಪ ಬೀಗ ಹಾಕ್ತೀರಾ ಮೇಸ್ತ್ರಿಗಳೇ" ಎಂದಳು ಅತ್ತೆ. "ನನಗೆ ಎಂಜಿನ್ ಶಬ್ದ ಕೇಳಬೇಕು."

ಎಡಚಕ್ಕ ಎಡಗೈಯನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಿದ್ದಳು. ಹೊಸ ಚರ್ಮ ಉರಿಯುತ್ತಿತ್ತು. ಮೂವರೂ ಒಂದೇ ಕಡೆ ಕಣ್ಣು ನೆಟ್ಟು ನಿಂತರು. ಬೂದು ಬಣ್ಣ ನಿಧಾನವಾಗಿ ಕಪ್ಪಾಗುತ್ತ ಬಂತು.

ಮೊದಲು ಕಂಡದ್ದು ಅತ್ತೆಗೆ. ಕನ್ನಡಕ ಹಾಕದಿದ್ದರೆ ಅಕ್ಕಿಯಲ್ಲಿ ಕಲ್ಲು ಕಾಣದ ಕಣ್ಣು ಅದು.

"ಅಲ್ಲಿ" ಎಂದಳು.

ಮಂಜಿನ ಹಿಂದೆ ಒಂದು ಬೆಳಕು ಉಬ್ಬಿತು, ತಗ್ಗಿತು. ಮತ್ತೆ ಉಬ್ಬಿತು. ಅಲೆ ಏರಿದಾಗ ಒಮ್ಮೆ, ಇಳಿದಾಗ ಒಮ್ಮೆ. ಮಂಕಾಗಿರಲಿಲ್ಲ, ಅರೆಬರೆಯಾಗಿರಲಿಲ್ಲ. ನಾಲ್ಕೂ ಸುರುಳಿ ಒಂದೇ ಕಡೆ ತಳ್ಳಿದರೆ ಎಷ್ಟು ಉರಿಯಬೇಕೋ ಅಷ್ಟು ಉರಿಯುತ್ತಿತ್ತು. ಎಡಚಕ್ಕ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೋದ ಜೀವ ಬಂದ ಹಾಗಾಯಿತು. ಮೇಸ್ತ್ರಿ ಬೆನ್ನು ತಿರುಗಿಸಿ ಮೂಗು ಒರೆಸಿಕೊಂಡರು, ಚಳಿಗೆ ಎಂದು ಯಾರೂ ಕೇಳದೆಯೇ ಹೇಳಿದರು.

ಲಾಂಚು ಬಂದು ತಾಗಿದಾಗ ನಿಧಾನಪ್ಪ ಎಲ್ಲರಿಗಿಂತ ಕೊನೆಗೆ ಇಳಿದ. ಮೇಸ್ತ್ರಿ ಅವನ ತೋಳು ಹಿಡಿದುಕೊಂಡರು.

"ಹಳದಿ ಸುರುಳಿಗಳನ್ನ ಏನು ಮಾಡಿದೆ? ತುದಿ ಅದಲು ಬದಲು ಮಾಡ್ಲಿಲ್ವಾ?"

ನಿಧಾನಪ್ಪ ಸಿಕ್ಕಿಬಿದ್ದವನ ಹಾಗೆ ಅತ್ತಿತ್ತ ನೋಡಿದ. "ಮಾಡಿಲ್ಲ" ಎಂದ.

"ಮತ್ತೆ?"

"ಒಂದೊಂದರ ತುದೀನೂ ತಿರುಗಿಸ್ತಾ ಕೂರೋಕೆ ನನಗೇನು ಹುಚ್ಚಾ ಮೇಸ್ತ್ರಿಗಳೇ. ಹಳದಿ ಎಲ್ಲಾ ಬೇರೆ ಎತ್ತಿಡ್ತೀನಿ. ನಾಲ್ಕು ಸೇರಿದ ಮೇಲೆ ಒಂದೇ ದೀಪಕ್ಕೆ ಹಾಕ್ತೀನಿ. ಬೇರೆಯವರದ್ದರ ಜೊತೆ ಬೆರೆಸಿದ್ರೆ ತಾನೇ ತೊಂದರೆ? ಅವಳದು ಅವಳದರ ಜೊತೆ ಯಾಕೆ ಜಗಳ ಆಡತ್ತೆ? ಎಲ್ಲಾ ಎಡಕ್ಕೆ ತಳ್ಳಿದ್ರೂ ದೀಪಕ್ಕೆ ಒಂದೇ, ಬಲಕ್ಕೆ ತಳ್ಳಿದ್ರೂ ಒಂದೇ."

ಮೇಸ್ತ್ರಿ ಹಿಡಿದಿದ್ದ ತೋಳು ಬಿಟ್ಟರು. ಮಾತು ನಿಜ. ಹಳದಿ ಹಾಕಿದ ನಾಲ್ಕೂ ಬಲಗೈಯವೇ, ನಾಲ್ಕೂ ಒಂದೇ ತಪ್ಪಿನವು. ಒಟ್ಟಿಗೆ ತಪ್ಪಿದ್ದರಿಂದ ತಪ್ಪೇ ಆಗಲಿಲ್ಲ.

"ಹಿಂದಿನ ಹಳದಿ ಒಂದಾದ್ರೂ ಉಳಿದು ಇದರೊಳಗೆ ಸೇರಿದ್ರೆ?" ಎಂದು ಕೇಳಿದರು.

"ಉಳಿದಿರಲಿಲ್ಲ. ಅವು ಆಚೆ ದಂಡೆಯ ದೀಪಕ್ಕೆ ಹೋದವು. ಇವತ್ತು ನೋಡ್ಕೊಂಡು ಬಂದೆ, ಚೆನ್ನಾಗಿ ಉರೀತಿದೆ."

"ಕಳಿಸೋ ಮೊದಲು ಕೈಯಲ್ಲಿ ಅಲುಗಿಸಿ ನೋಡಿದ್ಯಾ?"

"ಸಮುದ್ರನೇ ಅಲುಗಿಸತ್ತಲ್ಲ" ಎಂದ ನಿಧಾನಪ್ಪ. "ನಾನ್ಯಾಕೆ?"

ಮೇಸ್ತ್ರಿಗೆ ಅವನನ್ನು ಬಾರಿಸಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ನಾಳೆಯೇ ಬೆಲ್ಟು ಹಾಕಿಸುತ್ತೇನೆ, ಬೆಂಚಿಗೆ ಕೂರಿಸದೆ ಒಂದು ಪೀಪಾಯಿಯೂ ಹೊಸ್ತಿಲು ದಾಟಕೂಡದು ಎಂದು ಗುಡುಗಿದರು. ಎಡಚಕ್ಕನಿಗೆ ಅದೊಂದೂ ಕಿವಿಗೆ ಬೀಳುತ್ತಿರಲಿಲ್ಲ. ಅವಳು ಬೇರೆಯದನ್ನೇ ಯೋಚಿಸುತ್ತ ಎದ್ದು ನಿಂತಿದ್ದಳು.

"ಯಾವಾಗಿನಿಂದ ಹೀಗೆ ಮಾಡ್ತಿದ್ದೀಯ?"

"ನೀನು ಸೇರಿದಾಗಿನಿಂದ" ಎಂದ ನಿಧಾನಪ್ಪ. "ನಿಂದು ಒಂದಾದ್ರೂ ತಿರುಗಿಸಿದ್ದು ನೆನಪಿಲ್ಲ. ನಿನ್ನ ಸುತ್ತು ನೋಡೋಕೂ ಚೆಂದ ಇರತ್ತೆ, ಬೆರೆಸೋಕೆ ಮನಸ್ಸು ಬರಲ್ಲ. ಕಳ್ಳಬಂಡೆ ಜಾಗ ಕೆಟ್ಟದ್ದು, ಅಲ್ಲಿಗೆ ಯಾವಾಗ್ಲೂ ಹಳದೀನೇ ಕಳಿಸೋದು. ಗಾಳಿಗೆ ಹೋದದ್ದೂ ನಿಂದೇ, ಅದಕ್ಕೂ ಮುಂಚಿನದೂ ನಿಂದೇ."

ಅವಳು ಬೆಳಕಿನ ಕಡೆ ತಿರುಗಿದಳು. ಇಷ್ಟು ವರ್ಷ ತನ್ನ ಸುರುಳಿಗಳನ್ನು ಯಾರೋ ತಿದ್ದಿ, ಬೇರೆಯವರ ನಡುವೆ ಒಂದೊಂದಾಗಿ ತುರುಕುತ್ತಿದ್ದಾರೆ ಎಂದುಕೊಂಡು ಬದುಕಿದ್ದಳು. ಮದುವೆಯಾದ ಹೊಸತರಲ್ಲಿ ಗಂಡ ತಡವಾದ ಸಂಜೆಗಳಲ್ಲಿ ಇದೇ ಕಟ್ಟೆಯ ಮೇಲೆ ನಿಂತು ಆ ಬೆಳಕನ್ನು ನೋಡಿದ್ದಳು. ಸುತ್ತಿದ ಪುಣ್ಯಾತ್ಮರು ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಹರಸಿದ್ದಳು.

ಎಂಜಿನ್ನಿನ ಶಬ್ದ ಅತ್ತೆಯ ಕಿವಿಗೇ ಮೊದಲು ಬಿತ್ತು. ದೋಣಿಗಳು ಒಂದರ ಹಿಂದೊಂದು ಕಳ್ಳಬಂಡೆಯ ಬೆಳಕನ್ನು ಬಲಕ್ಕೆ ಬಿಟ್ಟುಕೊಂಡು, ಬಳಸಿ, ಒಳಗೆ ಬಂದವು. ಮೂರನೆಯದರಿಂದ ಮಗ ಇಳಿದ. ಮೈಯೆಲ್ಲ ಡೀಸೆಲ್ ವಾಸನೆ, ಮುಖದ ತುಂಬ ನಗು. ತಾಯಿ, ಹೆಂಡತಿ, ಮೇಸ್ತ್ರಿ, ನಿಧಾನಪ್ಪ ಎಲ್ಲರೂ ಸಾಲಾಗಿ ನಿಂತಿದ್ದು ಕಂಡು ಅವನಿಗೆ ಗಾಬರಿಯಾಯಿತು.

"ಏನಾಯ್ತು? ಎಲ್ಲಾ ಯಾಕೆ ಬಂದ್ರಿ? ಮಂಜಿತ್ತು ನಿಜ, ಆದ್ರೆ ಹೊಸ ದೀಪ ಅಷ್ಟು ದೂರದಿಂದ್ಲೇ ಕಾಣಿಸ್ತು. ಕಣ್ಣು ಮುಚ್ಕೊಂಡು ಬರಬಹುದಿತ್ತು. ಯಾರು ಸುತ್ತಿದ್ರೋ."

"ನಿನ್ನ ಹೆಂಡ್ತಿ" ಎಂದಳು ಅತ್ತೆ. "ಪೂರ್ತಿ ಅವಳೇ. ಹಿಂದಿನದೂ ಅವಳೇ."

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಸ್ವೆಟರಿನ ತೋಳಿನಿಂದ ಎಡಗೈಯನ್ನು ಹೊರಗೆ ತೆಗೆದು ಅವನ ಕೈ ಹಿಡಿದುಕೊಂಡಳು. ಹೊಸ ಚರ್ಮ ಇನ್ನೂ ಉರಿಯುತ್ತಿತ್ತು, ಆದರೂ ಮನೆ ಸೇರುವ ತನಕ ಬಿಡಲಿಲ್ಲ.